ಪದ ಬೇಕು (ನಾಳೆ ಸಂಜೆ ಅಚ್ಚಿಗೆ): 'ಸರ್ವೇಲೆನ್ಸ್' ಮತ್ತು 'ಪ್ರಿಪೇರ್ಡ್‌ನೆಸ್'

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ.

ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಬಗ್ಗೆ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ. ಒಂದು ಊರಲ್ಲಿ ಎದ್ದ ರೋಗ ಗಡಿ ದಾಟುವ ಮೊದಲೇ ಅದನ್ನು ಗುರುತಿಸಿ ತಡೆಯುವ ಶಕ್ತಿ ಪ್ರತಿ ದೇಶಕ್ಕೂ ಇರಬೇಕು ಅನ್ನುವುದು ಈ ನಿಯಮಗಳ ತಿರುಳು. 2005ರಲ್ಲಿ ಒಪ್ಪಿದ್ದು, 2007ರ ಜೂನ್‌ನಿಂದ ಜಾರಿಯಲ್ಲಿವೆ.

ಎರಡು ಪದ ತೊಡಕಾಗಿವೆ. 'ಸರ್ವೇಲೆನ್ಸ್' ಅಂದರೆ ರೋಗ ಎಲ್ಲಿ ಏಳುತ್ತಿದೆ ಅಂತ ಗಮನಿಸುತ್ತಿರುವುದು. ಅದಕ್ಕೆ ಕರಡಿನಲ್ಲಿ 'ಸರ್ವೇಕ್ಷಣೆ' ಅಂತ ಹಾಕಿದ್ದೆ. ಆಶಾ ಒಬ್ಬರಿಗೆ ಓದಿ ಹೇಳಿದರೆ, 'ಜಮೀನು ಸರ್ವೆನಾ ಮೇಡಂ?' ಅಂದರು. 'ಪ್ರಿಪೇರ್ಡ್‌ನೆಸ್'ಗೆ 'ಸನ್ನದ್ಧತೆ' ಇದೆ. ಅದನ್ನು ಅವರು ಎರಡು ಸಲ ಓದಿಸಿದರು. 'ಕೆಪಾಸಿಟಿ'ಗೆ 'ಸಾಮರ್ಥ್ಯ' ಹಾಕಿದ್ದೇನೆ, ಅದಕ್ಕೆ ಯಾರದೂ ತಕರಾರು ಇರಲಿಕ್ಕಿಲ್ಲ. ಗೋಡೆಗೆ ಅಂಟಿಸುವ ಒಂದು ಹಾಳೆಯೂ ಇದೆ, ಅಲ್ಲೂ ಇದೇ ಪದಗಳು ಬರಬೇಕು.

ನಾಳೆ ಸಂಜೆ 5ಕ್ಕೆ ಪ್ರೆಸ್‌ಗೆ ಹೋಗುತ್ತದೆ. ದಯವಿಟ್ಟು ಬೇಗ ತಿಳಿಸಿ.

———

ಮೈಸೂರಿನಿಂದ:

ಕಣ್ಗಾವಲು. ಮುಗಿಯಿತು.

'ಕಾ' ಬೇರಿನಿಂದ ಕಾಯ್, ಕಾಪು, ಕಾವಲು. ತಮಿಳಿನಲ್ಲಿ ಕಾವಲ್, ತೆಲುಗಿನಲ್ಲಿ ಕಾವಲಿ. ನೋಡುವುದು, ಕಾಪಾಡುವುದು ಎರಡೂ ಒಂದೇ ಬೇರಿನಲ್ಲಿವೆ. ಇಂಗ್ಲಿಷ್ ಪದದಲ್ಲಿ ಬರೀ ನೋಡುವುದಷ್ಟೇ ಇದೆ. ನಮ್ಮದು ಅದಕ್ಕಿಂತ ಒಳ್ಳೆಯ ಪದ.

ಪ್ರಿಪೇರ್ಡ್‌ನೆಸ್‌ಗೆ 'ಅಣಿತನ'. ಅಣಿಯಾಗು, ಅಣಿಮಾಡು ಎಲ್ಲರ ಬಾಯಲ್ಲೂ ಇದೆ. ಸಾಮರ್ಥ್ಯಕ್ಕೆ ತಕರಾರಿಲ್ಲ ಅಂತ ಯಾರು ಹೇಳಿದರು? 'ಅಳವು' ಇದೆ. ಸನ್ನದ್ಧತೆ ಮಾತಿನಲ್ಲಿ ಎಂದೂ ಹುಟ್ಟಿದ್ದಲ್ಲ, ಕಡತದಲ್ಲಿ ಹುಟ್ಟಿದ್ದು.

ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ 'ನಿಗಾ' ಅಂತ ಬರುತ್ತಾರೆ. ಅದು ಪಾರಸಿಯ 'ನಿಗಾಹ್'. ಬೇಡ.

———

ಧಾರವಾಡದಿಂದ:

ಬಂದೆ, ಸರ್. ನಿಗಾ ಅಂತಲೇ ಹೇಳುವವನು ನಾನು.

ಕಣ್ಗಾವಲು ಅಂದ ಕೂಡಲೇ ಜನರಿಗೆ ನೆನಪಾಗುವುದು ಸಿಸಿಟಿವಿ. ಬ್ಯಾಂಕು, ಅಂಗಡಿ, ಸಿಗ್ನಲ್ಲು ಎಲ್ಲ ಕಡೆ 'ನೀವು ಕಣ್ಗಾವಲಿನಲ್ಲಿದ್ದೀರಿ' ಅಂತ ಬೋರ್ಡು. ಅದು ಪೊಲೀಸರ ಪದ ಆಗಿಹೋಗಿದೆ. ಪದಕ್ಕೆ ಬೇರು ಎಲ್ಲಿದೆ ಅನ್ನೋದು ನಿಮ್ಮ ಪ್ರಶ್ನೆ, ಅದು ಈಗ ಎಲ್ಲಿ ವಾಸ ಮಾಡುತ್ತಿದೆ ಅನ್ನೋದು ನನ್ನದು.

2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿದರು. ಮನೆ ಬಾಗಿಲಿಗೆ ನೋಟಿಸು ಅಂಟಿಸಿದರು. ಜ್ವರ ಬಂದವರು ಹೇಳಿಕೊಳ್ಳೋಕೆ ಹೆದರುವ ಹಾಗಾಯಿತು. ಕಾಯಿಲೆಯ ಸುದ್ದಿ ಜನ ತಾವಾಗಿ ಬಂದು ಹೇಳಬೇಕು. ಕಾವಲಿನವನ ಹತ್ತಿರ ಬಂದು ಯಾರು ಹೇಳುತ್ತಾರೆ?

'ತೀವ್ರ ನಿಗಾ ಘಟಕ' ಅಂದರೆ ಹಳ್ಳಿಯಲ್ಲೂ ಗೊತ್ತು. ಮಗುವಿನ ಮೇಲೆ ನಿಗಾ ಇಡಿ, ಒಲೆ ಮೇಲೆ ನಿಗಾ ಇರಲಿ ಅಂತೀವಿ. ಅದರಲ್ಲಿ ಅಕ್ಕರೆ ಇದೆ. 'ರೋಗ ನಿಗಾ' ಅಂತ ಹಾಕಿಬಿಡಿ ಮೇಡಂ.

———

ಮೈಸೂರಿನಿಂದ:

ಅಕ್ಕರೆಯ ವಾದ ನನಗೆ ಬೇಡ. ನಮ್ಮದೇ ಪದ ಇದ್ದಾಗ ಕಡ ತರುವುದು ಯಾಕೆ? ಇಷ್ಟೇ ನನ್ನ ಪ್ರಶ್ನೆ. ಉತ್ತರ ಬಂದಿಲ್ಲ.

ಕೊರೊನಾ ಕಾಲದಲ್ಲಿ ಲಾಕ್‌ಡೌನ್ ಸಾಲದು ಅಂತ ಕರ್ನಾಟಕದಲ್ಲಿ 'ಸೀಲ್‌ಡೌನ್' ಅಂತ ಇನ್ನೊಂದನ್ನು ತಂದರು. ಅದನ್ನು 'ಮುಚ್ಚಿದ ಬೀದಿ' ಅನ್ನೋಕೆ ಏನು ಅಡ್ಡಿ ಇತ್ತು? ಅಧಿಕಾರಿಗಳು ಹೇಳಿದ್ದನ್ನು ಪತ್ರಿಕೆಗಳು ಹಾಗೇ ಅಚ್ಚು ಹಾಕಿದವು. ಜನಕ್ಕೆ ಆಯ್ಕೆಯನ್ನೇ ಕೊಡಲಿಲ್ಲ. ಆಮೇಲೆ 'ಜನ ಬಳಸುತ್ತಾರೆ' ಅಂತ ಸಾಕ್ಷಿ ತರುತ್ತೀರಿ. ಸರಿಯಲ್ಲ ಇದು.

———

ಸಾಗರದಿಂದ:

ನಾನು ಆರೋಗ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ವ್ಯಾಕರಣ ನಿಮ್ಮಷ್ಟು ಗೊತ್ತಿಲ್ಲ. ಆದರೆ ಈ ಪದ ಯಾವ ಕೆಲಸಕ್ಕೆ ಬೇಕಾಗಿದೆ ಅನ್ನೋದು ಈ ಚರ್ಚೆಯಲ್ಲಿ ಯಾರೂ ಸರಿಯಾಗಿ ಹೇಳಿಲ್ಲ. ಧಾರವಾಡದವರು ಹತ್ತಿರ ಬಂದು ಬಿಟ್ಟರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜೋರು ಜ್ವರ. ಮಂಗ, ಮನುಷ್ಯ ಇಬ್ಬರೂ ಒಟ್ಟಿಗೆ ಸಾಯುವುದು ನೋಡಿ, ಹಳದಿ ಜ್ವರ ಏಷ್ಯಾಕ್ಕೂ ಬಂದೇಬಿಟ್ಟಿತಾ ಅನ್ನುವ ಭಯ ಹುಟ್ಟಿತು. ಅದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕಾಯಿಲೆ. ಏಷ್ಯಾದಲ್ಲಿ ಇರಲೇ ಇಲ್ಲ. ಬಂದಿದ್ದರೆ ಗತಿ ಏನು ಅಂತ ಯೋಚಿಸಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಾದರಿ ತೆಗೆದು ಪರೀಕ್ಷೆ ಮಾಡಿದರು. ಹಳದಿ ಜ್ವರ ಅಲ್ಲ, ಉಣುಗಿನಿಂದ ಹರಡುವ ಬೇರೆಯೇ ವೈರಸ್ ಅಂತ ಗೊತ್ತಾಯಿತು. ಅದೇ ನಮ್ಮ ಮಂಗನ ಕಾಯಿಲೆ.

ಆ ಪುಣೆ ಕೇಂದ್ರ ಶುರುವಾಗಿದ್ದು 1952ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ ಎರಡೂ ಸೇರಿ ಕಟ್ಟಿದ್ದು. ಕೈಪಿಡಿಯ 'ಕೆಪಾಸಿಟಿ' ಅಂದರೆ ಇದೇ. ಕಾಯಿಲೆ ಬರುವ ಮೊದಲೇ ಲ್ಯಾಬು, ಅದನ್ನು ನಡೆಸಲು ಕಲಿತವರು ಇದ್ದರು. ಇಲ್ಲದಿದ್ದರೆ ಮಾದರಿಗಳನ್ನು ಹೊರದೇಶಕ್ಕೆ ಕಳಿಸಿ ಕಾಯುತ್ತಾ ಕೂರಬೇಕಿತ್ತು. ಇದನ್ನು ಅಳವು ಅನ್ನಿ, ಸಾಮರ್ಥ್ಯ ಅನ್ನಿ, ನನ್ನದೇನೂ ಇಲ್ಲ. ಆದರೆ ಆಶಾ ಕಾರ್ಯಕರ್ತೆಗೆ 'ಅಳವು' ಅಂದರೆ ಅರ್ಥ ಆಗುವುದಿಲ್ಲ.

ಈಗ ಸರ್ವೇಲೆನ್ಸ್‌ಗೆ ಬರೋಣ. ಕಾಡಿಗೆ ದರಗು (ಒಣ ಎಲೆ), ಸೌದೆ ತರಲು ಹೋದ ಹೆಂಗಸು ಸತ್ತ ಮಂಗ ನೋಡುತ್ತಾಳೆ. ನೋಡಿ ಸುಮ್ನೆ ಬಂದರೆ ಅದು ಸರ್ವೇಲೆನ್ಸ್ ಅಲ್ಲ. ಅವಳು ಆಶಾಗೆ ಹೇಳಬೇಕು, ಆಶಾ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ. ಮೇಲೆ ಹೋಗುತ್ತಾ ಹೋಗುತ್ತಾ ಅದೇ ಸುದ್ದಿ ದೆಹಲಿ ಮುಟ್ಟುತ್ತದೆ. ದೆಹಲಿ ಅದನ್ನು 48 ಗಂಟೆಯೊಳಗೆ ತೂಗಿ ನೋಡಬೇಕು. ಇದು ಬೇರೆ ದೇಶಗಳಿಗೂ ಅಪಾಯ ಆಗಬಹುದು ಅನ್ನಿಸಿದರೆ, ಆ ತೀರ್ಮಾನ ಆದ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ನಿಯಮ ಇರುವುದು ಹಾಗೆ. ಸರಪಳಿಯ ಮೊದಲ ಕೊಂಡಿ ದರಗು ಹೊರುವ ಆ ಹೆಂಗಸೇ.

ಹಳೇ ನಿಯಮಗಳಲ್ಲಿ ಒಂದು ಪಟ್ಟಿ ಇತ್ತು. ಕೊನೆಕೊನೆಗೆ ಆ ಪಟ್ಟಿಯಲ್ಲಿ ಉಳಿದದ್ದು ಕಾಲರಾ, ಪ್ಲೇಗ್, ಹಳದಿ ಜ್ವರ ಮೂರೇ. ಮಿಕ್ಕ ಯಾವ ಕಾಯಿಲೆ ಎದ್ದರೂ ತಿಳಿಸಲೇಬೇಕು ಅಂತ ಇರಲಿಲ್ಲ. 2003ರಲ್ಲಿ ಸಾರ್ಸ್ ಬಂದ ಮೇಲೆ ಪಟ್ಟಿ ಸಾಲದು ಅಂತ ಎಲ್ಲರಿಗೂ ಅರ್ಥ ಆಯಿತು. ಈಗ ಹೆಸರೇ ಇಲ್ಲದ ಕಾಯಿಲೆಯನ್ನೂ ಹೇಳಬೇಕು. ಹೆಸರಿಲ್ಲದ್ದನ್ನು ಮೊದಲು ಗುರುತಿಸುವುದು ಯಾರು? ಹಳ್ಳಿಯವರೇ ಅಲ್ವಾ? ಮಂಗನ ಕಾಯಿಲೆಗೂ 1957ರಲ್ಲಿ ಹೆಸರಿರಲಿಲ್ಲ. ಆಮೇಲೆ ಅದು ಸೊರಬದಲ್ಲೇ ನಿಲ್ಲಲಿಲ್ಲ. ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಯಿಂದ ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಹಾಗಾಗಿ ನೋಡುವುದಷ್ಟೇ ಇರುವ ಪದ ಸಾಲದು. ನೋಡಿ ಹೇಳುವುದು ಇರಬೇಕು. ಕಣ್ಗಾವಲಿನಲ್ಲಿ ಹೇಳುವುದು ಇಲ್ಲ. ನಿಗಾದಲ್ಲೂ ಇಲ್ಲ. ಎರಡರಲ್ಲಿ ಒಂದು ಆರಿಸಿ ಅಂದರೆ ನಿಗಾ, ಯಾಕೆಂದರೆ ಅದಕ್ಕೆ ಜನ ಹೆದರುವುದಿಲ್ಲ. ಆದರೆ ಗೋಡೆ ಹಾಳೆಯಲ್ಲಿ ಆ ಪದವೇ ಬೇಡ. 'ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ' ಅಂತ ಬರೆಯಿರಿ.

ಇನ್ನೊಂದು ಮಾತು. ನಿಮ್ಮ ಕೈಪಿಡಿಯಲ್ಲಿ 'ಎಮರ್ಜೆನ್ಸಿ' ಬಂದೇ ಬರುತ್ತದೆ. ಹಂದಿಜ್ವರದಿಂದ ಎಂಪಾಕ್ಸ್‌ವರೆಗೆ, 2009ರಿಂದ 2024ರ ನಡುವೆ ವಿಶ್ವ ಆರೋಗ್ಯ ಸಂಸ್ಥೆ 8 ಸಲ ಅದನ್ನು ಘೋಷಿಸಿದೆ. ಅದಕ್ಕೆ ದಯವಿಟ್ಟು 'ತುರ್ತು ಪರಿಸ್ಥಿತಿ' ಅನ್ನಬೇಡಿ. ನನ್ನ ವಯಸ್ಸಿನವರಿಗೆ ಅದು 1975. ಜೈಲು, ಸೆನ್ಸಾರು, ನಸಬಂದಿ. 'ಆರೋಗ್ಯ ತುರ್ತು' ಸಾಕು.

———

ಬೆಂಗಳೂರಿನಿಂದ:

ಸಾಗರದವರ ಓಲೆ ಓದಿ ಸಂತೋಷ ಆಯಿತು. 'ಆರೋಗ್ಯ ತುರ್ತು' ನನಗೂ ಒಪ್ಪಿಗೆ.

ಮೈಸೂರಿನವರಿಗೆ ಒಂದು ಉತ್ತರ ಬಾಕಿ ಇದೆ, ನಾನು ಕೊಡುತ್ತೇನೆ. ಪ್ಲೇಗ್ 1898ರಲ್ಲಿ ಬೆಂಗಳೂರಿಗೆ ಬಂತು. ಪದವೂ ಅದರ ಜೊತೆಗೇ ಬಂತು. ಜನ ಆ ಪದವನ್ನು ಬಿಸಾಕಲಿಲ್ಲ, ಅದಕ್ಕೆ ಗುಡಿ ಕಟ್ಟಿದರು. ಪ್ಲೇಗಮ್ಮ ಇವತ್ತಿಗೂ ಇದ್ದಾಳೆ. ಕಡ ತಂದ ಪದ ಇಷ್ಟು ಒಳಗೆ ಬಂದು ಕೂರಬಹುದು. ನಿಗಾ ಬಂದು ಅದಕ್ಕಿಂತ ಹಳೇ ಕಾಲ ಆಯಿತು.

'ಕ್ವಾರಂಟೈನ್' ತಗೊಳ್ಳಿ. ವೆನಿಸ್‌ನವರ ಮಾತಿನಲ್ಲಿ ನಲವತ್ತು ದಿನ ಅಂತ. ಹಡಗನ್ನು ಅಷ್ಟು ದಿನ ಬಂದರಿನ ಹೊರಗೇ ನಿಲ್ಲಿಸುತ್ತಿದ್ದರು. ಇಂಗ್ಲಿಷಿನವರೂ ಕಡ ತಂದದ್ದೇ. ಅವರ ಭಾಷೆ ಅದರಿಂದ ಸಾಯಲಿಲ್ಲ.

———

ಮೈಸೂರಿನಿಂದ:

ಇಂಗ್ಲಿಷು ಆಳುವವರ ಭಾಷೆ. ಅದು ಕಡ ತಂದರೆ ಬೆಳೆಯುತ್ತದೆ, ನಾವು ತಂದರೆ ನಮ್ಮದು ಮರೆಯುತ್ತೇವೆ. ಈ ವ್ಯತ್ಯಾಸ ಕಾಣದವರ ಜೊತೆ ವಾದ ಮಾಡಿ ಫಲವಿಲ್ಲ.

ಕ್ವಾರಂಟೈನ್‌ಗೆ ಕನ್ನಡದಲ್ಲಿ 'ಹೊರಬೀಡು' ಇದೆ. ರೋಗ ರುಜಿನ ಬಂದಾಗ ಊರಿಗೆ ಊರೇ ಬಾಗಿಲು ಹಾಕಿ ಹೊರಗೆ ಹೋಗಿ ಬೀಡು ಬಿಡುವುದು. ಚಿತ್ರದುರ್ಗ, ಬಳ್ಳಾರಿ ಕಡೆ ಈಗಲೂ ಮಾಡುತ್ತಾರೆ. ಪದವೂ ಇದೆ, ಪದ್ಧತಿಯೂ ಇದೆ. 2020ರಲ್ಲಿ ಒಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

———

ಧಾರವಾಡದಿಂದ:

ಹೊರಬೀಡು ಒಳ್ಳೆಯ ಪದ. ಅರ್ಥ ಮಾತ್ರ ತಿರುಗಿದೆ, ಸರ್. ಹೊರಬೀಡಿನಲ್ಲಿ ಊರೆಲ್ಲ ಒಟ್ಟಿಗೆ ಹೊರಗೆ ಹೋಗುತ್ತದೆ. ಕ್ವಾರಂಟೈನ್‌ನಲ್ಲಿ ಸೋಂಕು ತಗುಲಿರಬಹುದಾದ ಒಬ್ಬನನ್ನು ಎಲ್ಲರಿಂದ ಬೇರೆ ಇಡುತ್ತಾರೆ. ಎರಡನ್ನೂ ಒಂದೇ ಪದದಲ್ಲಿ ಕರೆದರೆ ಓದಿದವರು ತಪ್ಪು ಕೆಲಸ ಮಾಡಿಬಿಡುತ್ತಾರೆ. ಇದು ಆರೋಗ್ಯದ ಕೈಪಿಡಿ.

ಈಗ ಪ್ರಿಪೇರ್ಡ್‌ನೆಸ್. ಅದನ್ನು ಎಲ್ಲರೂ ಮರೆತರು. 'ಮುಂತಯಾರಿ' ಅಂತ ಹೇಳೋಣ ಅಂದುಕೊಂಡಿದ್ದೆ.

———

ಮೈಸೂರಿನಿಂದ:

ಹೊರಬೀಡಿನ ವಿಷಯ ಬಿಡುತ್ತೇನೆ. ಪದ ಸತ್ತಿಲ್ಲ ಅಂತಷ್ಟೇ ತೋರಿಸಬೇಕಿತ್ತು.

ಮುಂತಯಾರಿ: ಅರಿಸಮಾಸ, ಕನ್ನಡ ಪದಕ್ಕೆ ಬೇರೆ ಭಾಷೆಯ ಪದ ಬೆಸೆದದ್ದು. ಅಣಿತನವೇ ಸರಿ.

———

ಕಾಸರಗೋಡಿನಿಂದ:

ಅರಿಸಮಾಸದ ಮಾತು ಇಲ್ಲಿ ಸಲ್ಲದು. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಹಿಂದಿನ ಕವಿಗಳ ಬಳಕೆಗೂ ಅದನ್ನು ಬಿಟ್ಟುಕೊಟ್ಟಿದ್ದಾನೆ. 'ಮುಂಜಾಗ್ರತೆ' ದಿನಾ ಬಳಸುತ್ತೀರಿ, ಅದೂ ಅರಿಸಮಾಸವೇ. ಬಳಕೆ ಮುಂದೆ, ಸೂತ್ರ ಹಿಂದೆ.

ಆದರೆ ಮುಂತಯಾರಿ ಬೇಡ, ಯಾಕೆಂದರೆ ಯಾರೂ ಹಾಗೆ ಹೇಳುವುದಿಲ್ಲ. 'ಸಿದ್ಧತೆ' ಅನ್ನಿ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಬರೆದವರಿಗೆಲ್ಲ ಗೊತ್ತಿರುವ ಪದ.

ಒಂದು ತೊಡಕಿದೆ. ರೂಪ ನೋಡಿದರೆ ಸಿದ್ಧತೆ ಅಂದರೆ ಸಿದ್ಧವಾಗಿರುವ ಸ್ಥಿತಿ. ಬಳಕೆಯಲ್ಲಿ ಅದು ಕೆಲಸ: 'ಜಾತ್ರೆಗೆ ಸಿದ್ಧತೆ ನಡೆದಿದೆ', ಜಾತ್ರೆ ಮುಗಿದರೆ ಸಿದ್ಧತೆಯೂ ಮುಗಿಯಿತು. ಪ್ರಿಪೇರ್ಡ್‌ನೆಸ್ ಮುಗಿಯುವಂಥದ್ದಲ್ಲ. ಕಾಯಿಲೆ ಇಲ್ಲದ ವರ್ಷವೂ ಲ್ಯಾಬು ನಡೆಯುತ್ತಿರಬೇಕು, ಸಂಬಳ ಹೋಗುತ್ತಿರಬೇಕು, ತರಬೇತಿ ಆಗುತ್ತಿರಬೇಕು. ಸರಕಾರಗಳು ತಪ್ಪುವುದೇ ಇಲ್ಲಿ. ಹಾವಳಿ ಬಂದಾಗ ದುಡ್ಡು ಸುರಿಯುತ್ತಾರೆ, ಇಳಿದ ಕೂಡಲೇ ಗುತ್ತಿಗೆ ಸಿಬ್ಬಂದಿಯನ್ನು ಮನೆಗೆ ಕಳಿಸುತ್ತಾರೆ. ಹಾಗಾಗಿ ತಲೆಬರಹಕ್ಕೆ ಸಿದ್ಧತೆ ಇರಲಿ, ಒಳಗೆ ಬರೆಯುವಾಗ 'ಸದಾ ಸಜ್ಜಾಗಿರುವುದು' ಅಂತ ಕ್ರಿಯಾಪದದಲ್ಲಿ ಬಿಡಿಸಿ ಹೇಳಿ. 'ಸಜ್ಜಾಗು' ಅಲ್ಲ, 'ಸಜ್ಜಾಗಿರು'. ಆ 'ಇರು' ಬಿಟ್ಟರೆ ಅರ್ಥವೇ ಹೋಯಿತು.

———

ಮೈಸೂರಿನಿಂದ:

'ಅಣಿಯಾಗಿರು' ಅಂದರೂ ಅದೇ ಆಗುತ್ತದೆ. ಕೊನೆಯ ಸಲ ಹೇಳುತ್ತಿದ್ದೇನೆ.

———

ಶಿವಮೊಗ್ಗದಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ತೀರ್ಮಾನ ಹೀಗೆ ಮಾಡಿದೆ.

ತಲೆಬರಹದಲ್ಲಿ 'ರೋಗ ನಿಗಾ ಮತ್ತು ಸಿದ್ಧತೆ'. ಮೊದಲ ಸಲ ನಿಗಾ ಬರುವ ಕಡೆ 'ಕಂಡದ್ದನ್ನು ಕೂಡಲೇ ತಿಳಿಸುವುದೂ ನಿಗಾದ ಭಾಗ' ಅಂತ ಒಂದು ಸಾಲು ಸೇರಿಸಿದ್ದೇನೆ. ಎಮರ್ಜೆನ್ಸಿಗೆ 'ಆರೋಗ್ಯ ತುರ್ತು'. ಸಾಮರ್ಥ್ಯ ಹಾಗೇ ಇದೆ. ಮೈಸೂರಿನ ಸರ್, ನೀವು ಹೇಳಿದ 'ಅಣಿಯಾಗಿರುವುದು' ಮೂರನೇ ಅಧ್ಯಾಯಕ್ಕೆ ಚೆನ್ನಾಗಿ ಹೊಂದಿತು. ಅಲ್ಲಿ ಸಜ್ಜಾಗಿರುವುದರ ಬದಲು ಅದನ್ನೇ ಹಾಕಿದ್ದೇನೆ. ಗೋಡೆ ಹಾಳೆಗೆ ಸಾಗರದವರ ವಾಕ್ಯ. ಅದರ ಕೆಳಗೆ ಆರೋಗ್ಯ ಕೇಂದ್ರದ ಫೋನ್ ನಂಬರಿಗೆ ಖಾಲಿ ಜಾಗ ಬಿಟ್ಟಿದ್ದೇವೆ, ಆಯಾ ಊರಿನವರು ಬರೆದುಕೊಳ್ಳಲಿ ಅಂತ.

'ಕಾಂಟ್ಯಾಕ್ಟ್ ಟ್ರೇಸಿಂಗ್' ಇನ್ನೂ ಉಳಿದಿದೆ. ಕರಡಿನಲ್ಲಿ 'ಸಂಪರ್ಕಿತರ ಪತ್ತೆ' ಅಂತಿದೆ. ಪತ್ತೆ ಅಂದರೆ ಕಳ್ಳರನ್ನು ಹುಡುಕಿದ ಹಾಗಾಗುತ್ತದೆ. ನಾಳೆ ಮಧ್ಯಾಹ್ನದೊಳಗೆ ಬೇರೆ ಪದ ಹೊಳೆದರೆ ಬರೆಯಿರಿ.