ಅಪ್‌ಡೇಟ್: ಹಳೇ ಪಿಸ್ತೂಲಿನ ಸ್ಕ್ರೂಗಳ ಮೇಲಿನ ಗೀರುಗಳು

ಬಳ್ಳಾರಿಯ ನಮ್ಮ ಸಂಬಂಧಿಕರ ಮನೆಯಲ್ಲಿರುವ ಕಿಡಿಕಲ್ಲಿನ ಪಿಸ್ತೂಲಿನ (ಕಲ್ಲು ಉಕ್ಕಿಗೆ ಬಡಿದು ಹಾರುವ ಕಿಡಿಯಿಂದ ಮದ್ದು ಹೊತ್ತಿಸುವ ಹಳೇ ಮಾದರಿ, ಫ್ಲಿಂಟ್‌ಲಾಕ್) ಬಗ್ಗೆ ಕೇಳಿದ್ದೆ. ಒಂದು ಸ್ಕ್ರೂ ಮೇಲೆ ಒಂದು ಗೀರು, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು. ಇದೇನು ಅಂತ.

ಉತ್ತರ ಸಿಕ್ಕಿತು. ಅವು ಜೋಡಣೆಯ ಗುರುತುಗಳು. ಆಗ ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಅದರ ಜೋಡಿಗೆ ಹೊಂದಿಸುತ್ತಿದ್ದರು. ಒಂದು ಪಿಸ್ತೂಲಿನ ಸ್ಕ್ರೂ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಒಂದೇ ಪಿಸ್ತೂಲಿನಲ್ಲೂ ಅದಲುಬದಲಾದರೆ ಕಷ್ಟ. ಹೊಂದಿಸಿದ ಮೇಲೆ ಎಲ್ಲ ಬಿಚ್ಚಿ, ಗಟ್ಟಿ ಮಾಡಲು ಬೆಂಕಿಗೆ ಹಾಕುತ್ತಿದ್ದರು. ಅಲ್ಲಿ ಕಲಸಿಹೋದರೆ ಮುಗೀತು! ನಮ್ಮೂರಿನ ಜೀನ್ಸ್ ಕಟಿಂಗ್‌ನಲ್ಲಿ ತುಂಡುಗಳಿಗೆ ನಂಬರ್ ಚೀಟಿ ಅಂಟಿಸುತ್ತಾರಲ್ವಾ, ಅದೇ ಲೆಕ್ಕ. ಅಂಕಿ ಬರೆಯದೆ ಗೀರು ಯಾಕೆ? ಅರದ ಅಂಚಿನಲ್ಲಿ ನೇರ ಗೆರೆ ಹಾಕುವುದು ಸುಲಭ, ಅಷ್ಟೇ. ಎಷ್ಟು ಜನರನ್ನು ಕೊಂದರು ಅನ್ನೋ ಲೆಕ್ಕ ಅಂತ ಸೋದರಮಾವ ಹೇಳುವ ಕಥೆ ಮಾತ್ರ ಸುಮ್ನೆ.

ಹುಡುಕುವಾಗ ಸಿಕ್ಕ ಇನ್ನೊಂದು ವಿಷಯ. ಫ್ರಾನ್ಸಿನ ಒನೊರೆ ಬ್ಲಾಂ ಎಂಬ ಬಂದೂಕು ತಯಾರಕ 1785ರ ಹೊತ್ತಿಗೇ ಒಂದರ ಭಾಗ ಇನ್ನೊಂದಕ್ಕೆ ಕೂರುವಂಥ ಬಂದೂಕಿನ ಲಾಕ್ (ಕಿಡಿ ಹಾರಿಸಿ ಮದ್ದು ಹೊತ್ತಿಸುವ ಯಂತ್ರಭಾಗ) ಮಾಡಿದ್ದರು. ಆಗ ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್, ಕೈಗೆ ಸಿಕ್ಕ ತುಂಡುಗಳನ್ನು ತೆಗೆದು ತಾವೇ ಕೆಲವು ಲಾಕ್ ಜೋಡಿಸಿ ನೋಡಿದರಂತೆ. ಸರಿಯಾಗಿ ಕೂತವು. ಆದರೂ ಆ ಪದ್ಧತಿ ಎಲ್ಲ ಕಡೆ ಬರಲು ದಶಕಗಳೇ ಹಿಡಿದವು.