ಸೊಸೈಟಿ ಸಾಲದ ನೋಟಿಸು ಯಾರೂ ಓದ್ತಿಲ್ಲ, ಹೇಗೆ ಬರೆಯಲಿ?

ಲೆಡ್ಜರ್ ಪುಟ:
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ ನಾನು. ಬೆಳೆಸಾಲ ತೆಗೆದುಕೊಂಡವರು 412 ಜನ. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ, ಅದನ್ನು ಸರ್ಕಾರ ತುಂಬುತ್ತದೆ. ದಿನ ತಪ್ಪಿತೋ, ಬಡ್ಡಿ ಸದಸ್ಯರ ತಲೆಗೇ. ಇಷ್ಟಾದರೂ ಹೋದ ವರ್ಷ 62 ಜನ ಮಾರ್ಚ್ 31 ದಾಟಿಸಿದರು. ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ದುಡ್ಡಿತ್ತು. ಒಬ್ಬರಂತೂ ಏಪ್ರಿಲ್ 3ಕ್ಕೆ ನೋಟಿನ ಕಟ್ಟು ಹಿಡಿದು ಬಂದು, ಬಡ್ಡಿ ಲೆಕ್ಕ ಕೇಳಿ ಕೌಂಟರ್ ಮುಂದೆಯೇ ಕೂತುಬಿಟ್ಟರು.

ನಮ್ಮ ನೋಟಿಸು ಹೀಗಿದೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಪಡೆದಿರುವ ಸದರಿ ಸಾಲದ ಬಾಬ್ತು ಅಸಲನ್ನು ವಾಯಿದೆಯೊಳಗೆ ಮರುಪಾವತಿಸತಕ್ಕದ್ದು. ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು." ಮಾರ್ಚ್ ಎರಡನೇ ವಾರ ಅಂಚೆಗೆ ಬೀಳುತ್ತದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ "62 ಸದಸ್ಯರು ಸುಸ್ತಿದಾರರು" ಎಂದು ಕೆಂಪಗೆ ಬರೆದಿದ್ದೇವೆ. ಮನಶ್ಶಾಸ್ತ್ರ ನೋಡಿಕೊಂಡು ಪತ್ರ ಬರೆಯಬಹುದಂತೆ. ನಮ್ಮಂಥ ಕಡೆ ಅದು ನಡೆಯುತ್ತಾ? ಈ ಸಲ ಜನವರಿಯಲ್ಲೇ ತಲೆ ಕೆಡಿಸಿಕೊಂಡಿದ್ದೇನೆ.

ಹಳೇ ವಸೂಲಿಯವ:
ಮೇಡಂ, 31 ವರ್ಷ ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದೆ. "ಸದರಿ", "ಬಾಬ್ತು" ನಾನೂ ಸಾವಿರಗಟ್ಟಲೆ ಬರೆದಿದ್ದೇನೆ. ಆ ಪಾಪ ತೊಳೆಯಲು ಈ ಉತ್ತರ ಅಂದುಕೊಳ್ಳಿ.

ಮೊದಲು ಆ ಕೆಂಪು ಅಕ್ಷರ ಒರೆಸಿ. ಅಮೆರಿಕದ ಅರಿಜೋನಾದಲ್ಲಿ ಮರಗಳೇ ಕಲ್ಲಾಗಿ ಬಿದ್ದಿರುವ ಪೆಟ್ರಿಫೈಡ್ ಫಾರೆಸ್ಟ್ ಎಂಬ ಜಾಗವಿದೆ. ನೋಡಲು ಬಂದವರು ಚೂರು ಎತ್ತಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ದೀನಿ ಎಂಬ ಮನಶ್ಶಾಸ್ತ್ರಜ್ಞರ ತಂಡ ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿ ಹರಡಿ, ಬೇರೆ ಬೇರೆ ಫಲಕ ಇಟ್ಟು ಎಣಿಸಿತು. "ಹಿಂದೆ ಬಂದ ಬಹಳ ಜನ ಕದ್ದೊಯ್ದಿದ್ದಾರೆ" ಎಂದು ಗೋಳಾಡಿದ ಫಲಕ ಇದ್ದಾಗ ನೂರಕ್ಕೆ ಸುಮಾರು 8 ಚೂರು ಮಾಯ. "ದಯವಿಟ್ಟು ತೆಗೆಯಬೇಡಿ" ಎಂದಷ್ಟೇ ಇದ್ದಾಗ ನೂರಕ್ಕೆ 2 ಕೂಡ ಇಲ್ಲ. ನಿಮ್ಮ ಬೋರ್ಡ್ ಓದಿದವನಿಗೂ "ಓ, ನಾನೊಬ್ಬನೇ ಅಲ್ಲ" ಅನ್ನಿಸುತ್ತದೆ. ಕಟ್ಟಿದ 350 ಜನ ಅಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಅದನ್ನೇ ತಿರುಗಿಸಿ ಹೇಳಿ. 2011ರಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿ ಇದ್ದವರ ಪತ್ರದಲ್ಲಿ ಒಂದೆರಡು ಸಾಲು ಬದಲಿಸಿ ನೋಡಿತು. "ಹತ್ತರಲ್ಲಿ ಒಂಬತ್ತು ಜನ ಸಮಯಕ್ಕೆ ಕಟ್ಟುತ್ತಾರೆ. ಇನ್ನೂ ಕಟ್ಟದ ಕೆಲವರಲ್ಲಿ ನೀವೂ ಒಬ್ಬರು" ಎಂದು ಬರೆದಾಗ, ಮಾಮೂಲಿ ಪತ್ರಕ್ಕಿಂತ ನೂರಕ್ಕೆ ಐದು ಜನ ಜಾಸ್ತಿ 23 ದಿನದೊಳಗೆ ಕಟ್ಟಿದರು. ಪವಾಡವೇನಲ್ಲ. ಆದರೆ ಬಿಡಿಗಾಸು ಖರ್ಚಿಲ್ಲ. ಸುಳ್ಳು ಲೆಕ್ಕ ಮಾತ್ರ ಬರೆಯಬೇಡಿ. ಯಾರು ಕಟ್ಟಿದ್ದಾರೆ, ಯಾರು ಇಲ್ಲ ಅಂತ ಊರಿಗೆಲ್ಲ ಗೊತ್ತಿರುತ್ತದೆ.

ಇನ್ನೊಂದು, ಕೈಬಿಟ್ಟು ಹೋಗುವ ದುಡ್ಡನ್ನು ತೋರಿಸಿ. ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ಕಳೆದ ಸಂಕಟ ದೊಡ್ಡದು. ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ಬರೆದಿಟ್ಟರು, ನಮ್ಮಜ್ಜಿಗೆ ಅದಕ್ಕೂ ಮೊದಲೇ ಗೊತ್ತಿತ್ತು. "ಬಡ್ಡಿ ಸಹಾಯಧನ ಲಭ್ಯ" ಅಂದರೆ ಯಾರಿಗೂ ನಾಟಲ್ಲ. ಅವರವರ ಖಾತೆಗೆ ಬೀಳುವ ಬಡ್ಡಿ ಎಷ್ಟು ಎಂದು ಲೆಕ್ಕ ಹಾಕಿ ಪೆನ್ನಲ್ಲಿ ಬರೆಯಿರಿ. ಎಲ್ಲ 412 ಜನಕ್ಕೆ ಬೇಡ, ಆ 62 ಜನಕ್ಕೆ ಸಾಕು.

ಅಂಚೆಗೆ ಹಾಕುವ ಮೊದಲು ಬಾಗಿಲಿಗೆ ಬಂದ ಯಾರಿಗಾದರೂ ಕೊಟ್ಟು, "ಏನು ಮಾಡಬೇಕು ಅಂತ ಇದೆ?" ಎಂದು ಕೇಳಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ.

ಕೆಂಪಡಿಕೆ:
ಸುಮ್ನೆ ಪತ್ರದ ಮೇಲೆ ಎಲ್ಲ ಭಾರ ಹಾಕಬೇಡಿ. ಎಲೆಚುಕ್ಕಿ ರೋಗಕ್ಕೆ ತೋಟ ಹೋದವನಿಗೆ ಎಂಥ ಪದ ಜೋಡಿಸಿದರೂ ದುಡ್ಡು ಹುಟ್ಟಲ್ಲ. ಅವರ ಮನೆಗೆ ಹೋಗಿ ಮಾತಾಡಿ. ಉಳಿದವರಿಗೆ ಮಾರ್ಚ್ ಅಂದರೆ ತಡ. ನನ್ನ ಅಡಿಕೆ ಮಂಡಿಗೆ ಹೋಗೋದು ಜನವರಿ, ಫೆಬ್ರವರಿಯಲ್ಲಿ. ದುಡ್ಡು ಕೈಗೆ ಬಂದ ವಾರ ನೆನಪಿಸಿದರೆ ಅಲ್ಲಿಂದಲೇ ಕಟ್ಟಿಬಿಡ್ತೀನಿ. ಮಾರ್ಚ್ ಹೊತ್ತಿಗೆ ಅದು ಬೋರ್‌ವೆಲ್ ಸೇರಿರುತ್ತೆ.

ಲೆಡ್ಜರ್ ಪುಟ:
ಇಬ್ಬರಿಗೂ ಥ್ಯಾಂಕ್ಸ್ ಸರ್. ಬೋರ್ಡಲ್ಲಿ ಈಗ "ಹೋದ ವರ್ಷ 412ರಲ್ಲಿ 350 ಜನ ಗಡುವಿನೊಳಗೆ ಕಟ್ಟಿದ್ದಾರೆ" ಎಂದಿದೆ. ಹೊಸ ಪತ್ರ ಇಷ್ಟೇ: "ನಿಮ್ಮ ಬೆಳೆಸಾಲ ಕಟ್ಟಲು ಕೊನೆ ದಿನ ಮಾರ್ಚ್ 31. ಅಂದು ಕಟ್ಟಿದರೆ ಬಡ್ಡಿ ಇಲ್ಲ. ಮರುದಿನ ಕಟ್ಟಿದರೆ ನಿಮ್ಮ ಕೈಯಿಂದ ಹೋಗುವ ಬಡ್ಡಿ ರೂ. ____." ಫೆಬ್ರವರಿ ಮೊದಲ ವಾರ ಕಳಿಸ್ತೇವೆ. "ಸದರಿ" ಒಂದಾದರೂ ಇರಲಿ ಎಂದು ಅಧ್ಯಕ್ಷರು ಹಠ ಹಿಡಿದರು. ಒಂದು ಬಿಟ್ಟುಕೊಟ್ಟೆ, ಲಕೋಟೆ ಮೇಲೆ.

ಗೊಬ್ಬರಕ್ಕೆ ಬಂದಿದ್ದ ಹಿರಿಯರೊಬ್ಬರಿಗೆ ಎರಡೂ ಕೊಟ್ಟೆ. ಹಳೆಯದು ಓದಿ "ಜಪ್ತಿಗೆ ಬರ್ತಾರೇನಮ್ಮ?" ಅಂದರು. ಹೊಸದು ಓದಿ "ಪಾಸ್‌ಬುಕ್ ತರಬೇಕಾ?" ಅಂದರು. ಆ ಸಾಲೂ ಸೇರಿಸಿದೆ.