ಪದಚರ್ಚೆ: ಡೆಲಿರಿಯಂಗೆ ‘ಸನ್ನಿ’ ಎನ್ನಬಹುದೆ? ‘ಸ್ಟೇಬಲ್’, ‘ಲೈಫ್ ಸಪೋರ್ಟ್’ಗೆ ಏನು?

ಪ್ರಶ್ನೆ: ಐಸಿಯುನಲ್ಲಿರುವ ರೋಗಿಗಳ ಮನೆಯವರಿಗೆ ಕೊಡುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಜೊತೆಗೆ ನರ್ಸುಗಳು ಬಳಸುವ ಡೆಲಿರಿಯಂ (ಕಾಯಿಲೆಯ ನಡುವೆ ದಿಢೀರನೆ ಬುದ್ಧಿ ಗೊಂದಲಕ್ಕೀಡಾಗುವುದು) ತಪಾಸಣೆಯ ಹಾಳೆಯೂ ಇದೆ. ಡೆಲಿರಿಯಂಗೆ ಸನ್ನಿ, ಚಿತ್ತಭ್ರಮೆ, ಭ್ರಾಂತಿ ಇವುಗಳಲ್ಲಿ ಯಾವುದು ಸರಿ? ‘ಸ್ಟೇಬಲ್’ಗೆ ‘ಸ್ಥಿರ’ ಸಾಕೆ? ‘ಲೈಫ್ ಸಪೋರ್ಟ್’ಗೆ (ಯಂತ್ರಗಳ ನೆರವಿನಿಂದ ಜೀವ ಹಿಡಿದಿಡುವ ಚಿಕಿತ್ಸೆ) ‘ಜೀವರಕ್ಷಕ’ ಎಂದು ಹಾಕಿದ್ದೇವೆ, ನಡೆಯುತ್ತದೆಯೆ?

ಉತ್ತರ 1: ಚಿತ್ತಭ್ರಮೆ ಖಂಡಿತ ಬೇಡ. ಓದಿದವರು ವರ್ಷಗಟ್ಟಲೆ ಕಾಡುವ ಮಾನಸಿಕ ಕಾಯಿಲೆ ಎಂದುಕೊಳ್ಳುತ್ತಾರೆ. ಡೆಲಿರಿಯಂ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಶುರುವಾಗಿ, ಒಂದೇ ದಿನದಲ್ಲಿ ಏರಿಳಿಯುವಂಥದ್ದು. ಬೆಳಿಗ್ಗೆ ನೆಟ್ಟಗೆ ಮಾತಾಡಿದವರು ಸಂಜೆ ಮಗನ ಗುರುತು ಹಿಡಿಯುವುದಿಲ್ಲ. ಹಿಂದೆ ಸೋಂಕು, ಆಮ್ಲಜನಕದ ಕೊರತೆ, ಸೋಡಿಯಂ ಏರುಪೇರು, ಮಿಡಜೋಲಾಮ್‌ನಂಥ ಮಂಪರು ಔಷಧ, ನಿದ್ದೆಗೇಡು, ನೋವು, ಕಟ್ಟಿಕೊಂಡ ಮೂತ್ರ, ಹೀಗೆ ಏನಾದರೊಂದು ಇರುತ್ತದೆ. ಎಷ್ಟೋ ಸಲ ಎರಡು ಮೂರು ಸೇರಿರುತ್ತವೆ. ‘ಭ್ರಾಂತಿ’ ಒಂದು ಲಕ್ಷಣ ಮಾತ್ರ. ಇಲ್ಲದ್ದು ಕಾಣದೆಯೂ ಡೆಲಿರಿಯಂ ಇರಬಹುದು.

ಉಳಿದದ್ದು ಸನ್ನಿ. ಜನರ ಬಾಯಲ್ಲಿರುವ ಮಾತು, ಅರ್ಥಕ್ಕೂ ಹತ್ತಿರ. ಆದರೆ ‘ಸನ್ನಿ ಹಿಡಿದಿದೆ’ ಎಂದ ಕೂಡಲೇ ಹಿರಿಯರು ಕೊನೆಗಾಲ ಬಂತೆಂದು ಎದೆಗುಂದುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಸನ್ನಿ ಎಂದರೆ ಬಡಬಡಿಸುವುದು, ಕೈಕಾಲು ಬಡಿಯುವುದು ಎಂದೇ ರೂಢಿ. ಕಣ್ಣು ಅರೆಮುಚ್ಚಿಕೊಂಡು ತೆಪ್ಪಗೆ ಮಲಗಿ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವವರಿಗೂ ಡೆಲಿರಿಯಂ ಇರುತ್ತದೆ, ಅಂಥವರು ಐಸಿಯುನಲ್ಲಿ ಕಮ್ಮಿಯೇನಿಲ್ಲ. ಅವರನ್ನು ನೋಡಿ ‘ಪಾಪ, ನಿದ್ದೆ ಬಂದಿದೆ’ ಎಂದು ಮನೆಯವರು ಸುಮ್ಮನಾಗುತ್ತಾರೆ, ನರ್ಸಿಗೆ ತಿಳಿಸುವುದಿಲ್ಲ. ಹಾಗಾಗಿ ತಲೆಬರಹಕ್ಕೆ ‘ದಿಢೀರ್ ಗೊಂದಲ’ ಇಡಿ, ಪಕ್ಕದಲ್ಲೇ ‘ಡೆಲಿರಿಯಂ’ ಎಂದೂ ಬರೆಯಿರಿ. ವಾರ್ಡಿನಲ್ಲಿ ಮನೆಯವರ ಕಿವಿಗೆ ಬೀಳುವುದು ಅದೇ. ಸನ್ನಿಯನ್ನು ವಿವರಣೆಯಲ್ಲಿ ಒಮ್ಮೆ ಬಳಸಿದರೆ ಸಾಕು.

ಕೆಳಗೆ ಮಾಡಬೇಕಾದ್ದನ್ನೂ ಕೊಡಿ: ಕನ್ನಡಕ, ಶ್ರವಣಯಂತ್ರ ಇದ್ದರೆ ತಂದುಕೊಡುವುದು, ಎದುರಿಗೆ ನಿಂತು ತಾನು ಯಾರು, ಇದು ಯಾವ ಜಾಗ, ಯಾವ ದಿನ ಎಂದು ಚಿಕ್ಕ ಮಾತುಗಳಲ್ಲಿ ಹೇಳುವುದು. ‘ನಾನ್ಯಾರು ಹೇಳಿ ನೋಡೋಣ’ ಎಂಬ ಪರೀಕ್ಷೆ ಬೇಡ. ಗೋಡೆಯ ಮೇಲೆ ಹುಳು ಎಂದರೆ ವಾದವೂ ಬೇಡ, ಹೌದೆನ್ನುವುದೂ ಬೇಡ. ‘ನನಗೆ ಕಾಣಿಸ್ತಿಲ್ಲ, ನಿಮಗೆ ಭಯ ಆಗ್ತಿರಬೇಕು, ನಾನಿಲ್ಲೇ ಇದ್ದೀನಿ’ ಎಂದರಾಯಿತು.

ತಪಾಸಣೆಯ ಹಾಳೆಯಲ್ಲಿ ಎಡವುವ ಜಾಗವೊಂದಿದೆ. ಇಂಗ್ಲಿಷಿನಲ್ಲಿ ನರ್ಸು 10 ಅಕ್ಷರ ಓದಿ, ‘ಎ’ ಬಂದಾಗಲೆಲ್ಲ ತಮ್ಮ ಕೈ ಹಿಸುಕಲು ರೋಗಿಗೆ ಹೇಳುತ್ತಾರೆ. 2ಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ ಎಂದು ಲೆಕ್ಕ. ಅದನ್ನು ‘ಅ’ ಎಂದು ಬದಲಿಸಿದಿರೋ, ಕೆಟ್ಟಿತು: ನಮ್ಮ ಸ, ವ, ಹ ಎಲ್ಲದರ ಬಾಲಕ್ಕೂ ‘ಅ’ ಅಂಟಿಕೊಂಡೇ ಇದೆ, ತಲೆ ನೆಟ್ಟಗಿದ್ದವರೂ ತಪ್ಪುತ್ತಾರೆ. ಅಂಕಿಗಳನ್ನು ಬಳಸಿ: 8, 1, 7, 5, 1, 4, 1, 1, 3, 6. ‘ಒಂದು’ ಎಂದಾಗ ಹಿಸುಕಬೇಕು. ಹಿಸುಕದೆ ಬಿಟ್ಟದ್ದೂ ತಪ್ಪು, ಬೇರೆ ಅಂಕಿಗೆ ಹಿಸುಕಿದ್ದೂ ತಪ್ಪು.

‘ಸ್ಥಿರ’ ಎಂದರೆ ಮನೆಯವರಿಗೆ ಗಂಡಾಂತರ ಕಳೆದಂತೆ. ಡಾಕ್ಟರು ಹೇಳಿದ್ದು ಬಿಪಿ ಔಷಧ, ಆಮ್ಲಜನಕ ನಿನ್ನೆ ಬೇಕಾದಷ್ಟೇ ಇಂದೂ ಬೇಕಾಗಿದೆ ಎಂದಷ್ಟೆ. ಮಾರನೆಯ ದಿನ ರೋಗಿ ತೀರಿಕೊಂಡರೆ ‘ಸುಳ್ಳು ಹೇಳಿದರು’ ಎಂಬ ಸಿಟ್ಟು ಬರುವುದು ಇಲ್ಲಿಂದಲೇ. ‘ನಿನ್ನೆಯಂತೆಯೇ ಇದ್ದಾರೆ, ಅಪಾಯ ಇನ್ನೂ ಕಳೆದಿಲ್ಲ’ ಎಂದು ಬಿಡಿಸಿ ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ.

ಜೀವರಕ್ಷಕ ಬೇಡ. ‘ರಕ್ಷಕ’ವನ್ನು ತೆಗೆಯಿರಿ ಎಂದು ಯಾವ ಮಗಳು ತಾನೇ ಒಪ್ಪುತ್ತಾಳೆ? ಉಸಿರಾಟದ ಯಂತ್ರ, ಡಯಾಲಿಸಿಸ್ ಎಂದು ಇರುವುದನ್ನೇ ಹೆಸರಿಸಿ. ‘ಚಿಕಿತ್ಸೆ ನಿಲ್ಲಿಸುವುದು’, ‘ಇನ್ನೇನೂ ಮಾಡಲಾಗದು’ ಎರಡನ್ನೂ ಹೊಡೆದುಹಾಕಿ. ಯಂತ್ರ ನಿಂತರೂ ನೋವಿಗೆ, ಏದುಸಿರಿಗೆ ಔಷಧ, ಬಾಯಿ ಒದ್ದೆ ಮಾಡುವುದು, ಮಗ್ಗುಲು ಬದಲಿಸುವುದು ನಡೆಯುತ್ತಲೇ ಇರುತ್ತವೆ. ‘ನಿಮ್ಮ ನಿರ್ಧಾರವೇನು?’ ಎಂಬ ಸಾಲು ಕಂಡರೆ ‘ಅವರೇ ಮಾತಾಡುವಂತಿದ್ದರೆ ಏನು ಬೇಕೆನ್ನುತ್ತಿದ್ದರು?’ ಎಂದು ತಿದ್ದಿ. ಮೊದಲನೆಯದು ಸಾವಿನ ಹೊಣೆಯನ್ನು ಮನೆಯವರ ಹೆಗಲಿಗೇರಿಸುತ್ತದೆ.

ಉತ್ತರ 2: ಮೇಲಿನದಕ್ಕೆ ನನ್ನ ಸಹಮತ, ಎರಡು ಸೇರಿಕೆ. ‘ಸೈಕೋಸೋಷಿಯಲ್ ಕೇರ್’ಗೆ ‘ಮನೋಸಾಮಾಜಿಕ ಆರೈಕೆ’ ಎಂಬುದು ಕಡತಕ್ಕೆ ಸರಿ, ಕೈಪಿಡಿಯ ಮುಖಪುಟಕ್ಕಲ್ಲ. ಅಲ್ಲಿ ‘ರೋಗಿಗೂ ಮನೆಯವರಿಗೂ ಆಸರೆ’ ಸಾಕು. ‘ಕೌನ್ಸೆಲಿಂಗ್’ ಎಂದರೆ ಸಹಿ ಹಾಕಿಸಿಕೊಳ್ಳಲು ಒಪ್ಪಿಸುವ ಮಾತುಕತೆ ಎಂದು ಅನುಮಾನಿಸುವವರುಂಟು, ಆದ್ದರಿಂದ ಯಾರು, ಯಾವಾಗ, ಯಾತಕ್ಕೆ ಮಾತಾಡುತ್ತಾರೆಂದು ಬರೆಯಿರಿ.

ಇನ್ನೊಂದು. ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾವಿನಂಚಿನ ರೋಗಿಗಳ ಮನೆಯವರಿಗೆ ಕೈಪಿಡಿಯ ಜೊತೆಗೆ ಅವರ ಮಾತು ಕೇಳುವಂಥ ಸಭೆಯನ್ನೂ ಏರ್ಪಡಿಸಿದ್ದರು. ಆ ಸಭೆಗಳಲ್ಲಿ ಮನೆಯವರು ಮಾತಾಡಿದ್ದು 14 ನಿಮಿಷ, ಮಾಮೂಲಿ ಸಭೆಗಳಲ್ಲಿ 5. ಸಾವಿನ 90 ದಿನಗಳ ನಂತರ ಮೊದಲ ಗುಂಪಿನವರಲ್ಲಿ ಆತಂಕ, ಖಿನ್ನತೆ, ಆಘಾತದ ಲಕ್ಷಣಗಳು ಕಮ್ಮಿಯಿದ್ದವು. ಅಂದಮೇಲೆ ಪುಟಗಳನ್ನೆಲ್ಲ ಪದಗಳಿಂದ ತುಂಬಬೇಡಿ. ಕೊನೆಯ ಪುಟದಲ್ಲಿ ‘ನಾವು ಕೇಳಬೇಕೆಂದಿರುವುದು’ ಎಂದು ಬರೆದು ಏಳೆಂಟು ಗೆರೆ ಖಾಲಿ ಬಿಡಿ.